ಅರ್ಧ ಖಾಲಿ ಕ್ಲಾಸಿನಲ್ಲಿ ಯಾರೂ ಅಲುಗಾಡಲಿಲ್ಲ!

ಮಕ್ಕಳೇ, ನಿಮ್ಮ ಅಜ್ಜಿಯ ಟ್ರಂಕಿನಲ್ಲೋ ದೇವರ ಮನೆಯ ಡಬ್ಬಿಯಲ್ಲೋ ಹಳೆಯ ನಾಣ್ಯಗಳಿವೆಯೇ ಎಂದು ಈ ಭಾನುವಾರ ಕೇಳಿ ನೋಡಿ. 1950ರ ಒಂದು ರೂಪಾಯಿ ಸಿಕ್ಕರೆ ನೀವು ಅದೃಷ್ಟವಂತರು. ಅದು ನಿಕ್ಕಲ್ ಲೋಹದ ನಾಣ್ಯ. ಅಯಸ್ಕಾಂತ ಹತ್ತಿರ ತಂದರೆ ಟಕ್ಕೆಂದು ಅಂಟಿಕೊಳ್ಳುತ್ತದೆ. ಟಾರ್ಚಿನ ಸೆಲ್ಲು, ಪುಟ್ಟ ಬಲ್ಬು, ಎರಡು ತುಂಡು ತಂತಿ ಜೋಡಿಸಿ ನಡುವೆ ಈ ನಾಣ್ಯ ಇಟ್ಟರೆ ಬಲ್ಬು ಹೊತ್ತಿಕೊಳ್ಳುತ್ತದೆ. (ಸೆಲ್ಲು ಮಾತ್ರ, ಗೋಡೆಯ ಪ್ಲಗ್ಗಿನ ಹತ್ತಿರ ಹೋಗಕೂಡದು. ಅಜ್ಜಂದಿರು ಪಕ್ಕದಲ್ಲಿ ಕೂತಿರಲಿ.) ನಾಣ್ಯದೊಳಗೆ ಎಲೆಕ್ಟ್ರಾನ್ ಎಂಬ ಅತಿ ಸಣ್ಣ ಕಣಗಳು ಓಡಾಡುತ್ತವೆ, ಅದಕ್ಕೇ ವಿದ್ಯುತ್ ಹರಿಯುತ್ತದೆ. ಇದು ನಿಮ್ಮ ಪಾಠದಲ್ಲೇ ಇದೆ.

ಈಗ ಪಾಠದಲ್ಲಿ ಇಲ್ಲದ್ದು ಕೇಳಿ. ಇದೇ ನಿಕ್ಕಲ್ಲಿನ ಜೊತೆ ಆಮ್ಲಜನಕ ಒಂದಕ್ಕೊಂದರಂತೆ ಸೇರಿಕೊಂಡರೆ ನಿಕ್ಕಲ್ ಆಕ್ಸೈಡ್ ಆಗುತ್ತದೆ. ಹಸಿರು ಬಣ್ಣದ ಪುಡಿ. ಪಿಂಗಾಣಿಗೆ ಬಣ್ಣ ಕೊಡಲು ಬಳಸುತ್ತಾರೆ. ಅದರೊಳಗಿನ ಪರಮಾಣುಗಳು ಅಡುಗೆ ಉಪ್ಪಿನ ಹರಳಿನಲ್ಲಿ ನಿಂತಿರುವಂತೆಯೇ ಅಚ್ಚುಕಟ್ಟಾಗಿ ಚೌಕ ಚೌಕವಾಗಿ ನಿಂತಿರುತ್ತವೆ. ಆದರೆ ಶುದ್ಧವಾದ ನಿಕ್ಕಲ್ ಆಕ್ಸೈಡಿನ ಹರಳನ್ನು ತಂತಿಗಳ ನಡುವೆ ಇಟ್ಟರೆ ಬಲ್ಬು ಹೊತ್ತುವುದಿಲ್ಲ.

‘ಅದರಲ್ಲೇನು ವಿಶೇಷ ತಾತ, ಉಪ್ಪಿನ ಹರಳಿಟ್ಟರೂ ಹೊತ್ತುವುದಿಲ್ಲ’ ಎನ್ನುತ್ತೀರಿ. ನಿಜ. ಆದರೆ ಉಪ್ಪು ಏಕೆ ವಿದ್ಯುತ್ತನ್ನು ಬಿಡುವುದಿಲ್ಲ ಎಂಬುದಕ್ಕೆ ವಿಜ್ಞಾನಿಗಳ ಬಳಿ ಒಳ್ಳೆಯ ಲೆಕ್ಕವಿತ್ತು. ಅದೇ ಲೆಕ್ಕದ ಪ್ರಕಾರ ನಿಕ್ಕಲ್ ಆಕ್ಸೈಡು ಬಿಡಬೇಕಿತ್ತು. ಬಿಡಲಿಲ್ಲ. ಲೆಕ್ಕ ತಾಳೆಯಾಗಲಿಲ್ಲ.

ನಾನು ಬಿ.ಕಾಂ. ಓದಿ ಬ್ಯಾಂಕಿನ ಗುಮಾಸ್ತನಾಗಿ ನಿವೃತ್ತನಾದವನು, ನಿಮಗೆ ಗೊತ್ತೇ ಇದೆ. ಲೆಕ್ಕ ತಾಳೆಯಾಗಲಿಲ್ಲ ಎಂದರೆ ನನಗೆ ಈಗಲೂ ಕಿವಿ ನೆಟ್ಟಗಾಗುತ್ತದೆ. ನಮ್ಮ ಕಾಲದಲ್ಲಿ ಕಂಪ್ಯೂಟರ್ ಇರಲಿಲ್ಲ. ಸಂಜೆ ದಿನದ ಲೆಕ್ಕ ಕೂಡಿದಾಗ ಎಂಟಾಣೆ ವ್ಯತ್ಯಾಸ ಬಂದರೂ ಅದು ಎಲ್ಲಿಂದ ಬಂತು ಎಂದು ಗೊತ್ತಾಗುವವರೆಗೆ ಯಾರೂ ಮನೆಗೆ ಹೋಗುವಂತಿರಲಿಲ್ಲ. ಈ ಹಸಿರು ಪುಡಿಯ ವ್ಯತ್ಯಾಸವನ್ನು ಹುಡುಕುತ್ತಾ ಹೋದವರು ಸಾಕಷ್ಟು ದೂರ ಹೋದರು. ಇನ್ನೂ ಮನೆಗೆ ಬಂದಿಲ್ಲ ಎಂದರೂ ಸರಿಯೇ.

ಮೊದಲು ಹಳೆಯ ಲೆಕ್ಕ ಏನೆಂದು ನೋಡೋಣ. ಒಂದು ದೊಡ್ಡ ಕ್ಲಾಸ್ ರೂಮು. ತುಂಬಾ ಡೆಸ್ಕುಗಳು. ಒಂದು ಡೆಸ್ಕು ಎಂದರೆ ಒಂದು ಪರಮಾಣು, ಮಕ್ಕಳೆಂದರೆ ಎಲೆಕ್ಟ್ರಾನುಗಳು. ಒಂದು ಡೆಸ್ಕಿನಲ್ಲಿ ಇಬ್ಬರು ಕೂರಬಹುದು, ಮೂರನೆಯವರಿಗೆ ಜಾಗವಿಲ್ಲ. ಎಲೆಕ್ಟ್ರಾನು ಬುಗುರಿಯಂತೆ ಎರಡು ಬಗೆಯಲ್ಲಿ ಗಿರಕಿ ಹೊಡೆಯುತ್ತದೆ ಎಂದುಕೊಳ್ಳಿ. ಒಂದನ್ನು ಮೇಲ್ಮುಖ ಎನ್ನೋಣ, ಇನ್ನೊಂದನ್ನು ಕೆಳಮುಖ. ಒಂದು ಡೆಸ್ಕಿನಲ್ಲಿ ಎರಡು ಕೂತರೆ ಒಂದು ಮೇಲ್ಮುಖ, ಒಂದು ಕೆಳಮುಖ ಆಗಿರಲೇಬೇಕು. ಇದು ಪೌಲಿ ಎಂಬ ವಿಜ್ಞಾನಿ ಕಂಡುಕೊಂಡ ನಿಯಮ.

ಎಲ್ಲ ಡೆಸ್ಕಿನಲ್ಲೂ ಇಬ್ಬಿಬ್ಬರು ತುಂಬಿದ್ದರೆ ಯಾರಿಗೂ ಜಾಗ ಬದಲಿಸಲು ಆಗುವುದಿಲ್ಲ. ಓಡಾಟವಿಲ್ಲ, ವಿದ್ಯುತ್ತಿಲ್ಲ. ಅದು ಉಪ್ಪು. ಡೆಸ್ಕಿಗೆ ಒಬ್ಬೊಬ್ಬರೇ ಇದ್ದರೆ ಅರ್ಧ ಕ್ಲಾಸು ಖಾಲಿ, ಯಾರು ಎಲ್ಲಿಗೆ ಬೇಕಾದರೂ ಹಾರಬಹುದು. ಅದು ಲೋಹ. 1928ರಲ್ಲಿ ಬ್ಲಾಖ್, 1931ರಲ್ಲಿ ಇಂಗ್ಲೆಂಡಿನ ಅಲನ್ ವಿಲ್ಸನ್ ಈ ಲೆಕ್ಕವನ್ನು ಚೆನ್ನಾಗಿ ಕೂಡಿಸಿಟ್ಟರು. ತಾಮ್ರ, ಅಲ್ಯೂಮಿನಿಯಂ, ಸೋಡಿಯಂ, ವಜ್ರ, ಎಲ್ಲದಕ್ಕೂ ತಾಳೆಯಾಯಿತು.

ಆದರೆ ಈ ಲೆಕ್ಕದಲ್ಲಿ ಒಂದು ಮಾತು ಅಡಗಿ ಕೂತಿತ್ತು. ಪ್ರತಿಯೊಂದು ಎಲೆಕ್ಟ್ರಾನೂ ತನ್ನ ಪಾಡಿಗೆ ತಾನು ಓಡಾಡುತ್ತದೆ, ಪಕ್ಕದವರ ಗೊಡವೆ ಅದಕ್ಕಿಲ್ಲ ಎಂದು ಹಿಡಿದುಕೊಂಡಿದ್ದರು. ಬ್ಯಾಂಕಿನಲ್ಲಿ ನಾವೂ ಹಾಗೇ. ಒಬ್ಬೊಬ್ಬ ಗ್ರಾಹಕನಿಗೆ ಒಂದೊಂದು ಖಾತೆ, ಎಲ್ಲ ಖಾತೆ ಕೂಡಿದರೆ ಬ್ಯಾಂಕಿನ ಠೇವಣಿ. ರಾಮಣ್ಣ ಹಣ ತೆಗೆದರೆ ಭೀಮಣ್ಣನ ಖಾತೆಗೆ ಏನೂ ಆಗುವುದಿಲ್ಲ. ವರ್ಷದಲ್ಲಿ ಮುನ್ನೂರು ದಿನ ಇದು ಸರಿ. ಆದರೆ ‘ಬ್ಯಾಂಕು ಮುಳುಗುತ್ತಂತೆ’ ಎಂದು ಊರಲ್ಲಿ ಒಬ್ಬ ಗಾಳಿಸುದ್ದಿ ಹಬ್ಬಿಸಿದ ದಿನ? ಅಂಥ ಒಂದು ದಿನವನ್ನು ನಾನು ಕೌಂಟರಿನ ಒಳಗೆ ಕೂತು ನೋಡಿದ್ದೇನೆ. ಊರಿನ ಹೆಸರು, ಬ್ಯಾಂಕಿನ ಹೆಸರು ಬೇಡ. ಭೀಮಣ್ಣ ಬಂದದ್ದು ರಾಮಣ್ಣ ಬಂದ ಎಂಬ ಕಾರಣಕ್ಕೆ, ಅವರಿಬ್ಬರನ್ನು ನೋಡಿ ಇಡೀ ಬೀದಿ ಬಂತು. ಆ ದಿನದ ಸಾಲನ್ನು ಯಾವ ಒಬ್ಬನ ಪಾಸ್‌ಬುಕ್ ನೋಡಿದರೂ ಅರ್ಥ ಮಾಡಿಕೊಳ್ಳಲಾಗದು. ಒಬ್ಬರು ಇನ್ನೊಬ್ಬರನ್ನು ನೋಡಿ ನಡೆದುಕೊಳ್ಳತೊಡಗಿದಾಗ ಕೂಡಿಸುವ ಲೆಕ್ಕ ಸಾಲದು.

ಎಲೆಕ್ಟ್ರಾನುಗಳಂತೂ ಒಂದನ್ನೊಂದು ಕಂಡರೆ ಆಗದವು. ಎಲ್ಲವೂ ಋಣ ವಿದ್ಯುತ್ ಹೊತ್ತವು, ಒಂದನ್ನೊಂದು ದೂರ ತಳ್ಳುತ್ತಲೇ ಇರುತ್ತವೆ. ನಿಜ ಹೇಳಬೇಕೆಂದರೆ ಹಳೆಯ ಲೆಕ್ಕ ತಾಮ್ರಕ್ಕಾದರೂ ಹೇಗೆ ಸರಿಹೋಯಿತು ಎಂಬುದೇ ಆಶ್ಚರ್ಯ. ಅದಕ್ಕೆ ರಷ್ಯಾದ ಲಾಂಡಾವ್ 1956ರಲ್ಲಿ ಒಂದು ಉತ್ತರ ಕೊಟ್ಟರು. ಮದುವೆ ಮನೆಯಲ್ಲಿ ಮದುಮಗ ನಡೆದುಬಂದರೆ ಸುತ್ತಲಿನವರು ಸರಿದು ದಾರಿ ಬಿಡುತ್ತಾರೆ, ಹಿಂದೆ ಮುಂದೆ ಒಂದು ಗುಂಪು ಜೊತೆಗೇ ಸಾಗುತ್ತದೆ. ದೂರದಿಂದ ನೋಡಿದರೆ ಗುಂಪು ಸಮೇತ ಒಬ್ಬ ಮದುಮಗ, ಸ್ವಲ್ಪ ನಿಧಾನ, ಅಷ್ಟೇ. ಎಲೆಕ್ಟ್ರಾನೂ ಹಾಗೇ ತನ್ನ ಪರಿವಾರ ಕಟ್ಟಿಕೊಂಡು ಸಾಗುತ್ತದೆ, ಒಂಟಿಯಂತೆಯೇ ಕಾಣುತ್ತದೆ, ಸ್ವಲ್ಪ ಭಾರ ಹೆಚ್ಚು. ಕೆಲವು ಕಡೆ ಈ ‘ಸ್ವಲ್ಪ’ ಮಿತಿಮೀರುತ್ತದೆ. ಸೀರಿಯಂ ಮತ್ತು ಅಲ್ಯೂಮಿನಿಯಂ ಸೇರಿದ ಒಂದು ವಸ್ತುವನ್ನು ತುಂಬಾ ತಣ್ಣಗೆ ಮಾಡಿದಾಗ ಅದರ ಎಲೆಕ್ಟ್ರಾನುಗಳು ಮಾಮೂಲಿಗಿಂತ ನೂರಾರು ಪಟ್ಟು ಭಾರವಾದಂತೆ ನಡೆದುಕೊಳ್ಳುವುದನ್ನು 1975ರಲ್ಲಿ ಕಂಡರು. ಅದು ಬೇರೊಂದು ವಾರದ ಕಥೆ. ನಮ್ಮ ಹಸಿರು ಪುಡಿಗೆ ಬರೋಣ.

1937ರ ಜುಲೈ ತಿಂಗಳು, ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯ. ಅಲ್ಲೊಂದು ಸಮ್ಮೇಳನ. ಹಾಲೆಂಡಿನ ಫಿಲಿಪ್ಸ್ ಕಂಪನಿಯ ಪ್ರಯೋಗಾಲಯದಿಂದ ಡಿ ಬೋರ್ ಮತ್ತು ವೆರ್ವೇ ಎಂಬ ಇಬ್ಬರು ಬಂದಿದ್ದರು. ಫಿಲಿಪ್ಸ್ ಎಂದರೆ ನಿಮ್ಮ ಅಜ್ಜನ ಮನೆಯ ರೇಡಿಯೋದ ಅದೇ ಫಿಲಿಪ್ಸ್. ನಿಕ್ಕಲ್ ಆಕ್ಸೈಡು, ಅದರ ಜಾತಿಯ ಇನ್ನು ಕೆಲವು ಆಕ್ಸೈಡುಗಳು ಲೆಕ್ಕದ ಪ್ರಕಾರ ಲೋಹದಂತಿರಬೇಕು, ಆದರೆ ಅವಾಹಕಗಳಾಗಿವೆ ಎಂದು ಅವರು ಸಭೆಯ ಮುಂದಿಟ್ಟರು. ಈ ಕಥೆಯಲ್ಲಿ ನನಗೆ ಎಲ್ಲರಿಗಿಂತ ಇಷ್ಟವಾಗುವವರು ಇವರಿಬ್ಬರೇ. ಎಲ್ಲರೂ ಮೆಚ್ಚಿ ತಲೆದೂಗುತ್ತಿದ್ದ ಲೆಕ್ಕದ ಎದುರು ತಾಳೆಯಾಗದ ಒಂದು ಚೀಟಿಯನ್ನು ತಂದಿಡಲು ಧೈರ್ಯ ಬೇಕು.

ಆ ಸಭೆಯಲ್ಲಿ ರುಡಾಲ್ಫ್ ಪೈಯರ್ಲ್ಸ್ ಎಂಬವರು, ಎಲೆಕ್ಟ್ರಾನುಗಳು ಒಂದನ್ನೊಂದು ತಳ್ಳುವುದನ್ನು ನಾವು ಲೆಕ್ಕಕ್ಕೇ ಹಿಡಿದಿಲ್ಲ, ಕಾರಣ ಅಲ್ಲಿರಬೇಕು ಎಂದು ಸೂಚಿಸಿದರು. ಬ್ರಿಸ್ಟಲ್ಲಿನಲ್ಲೇ ಪ್ರಾಧ್ಯಾಪಕರಾಗಿದ್ದ ನೆವಿಲ್ ಮಾಟ್ ಆ ಮಾತನ್ನು ಬರೆದುಕೊಂಡರು, ಬಿಡಲಿಲ್ಲ. 1949ರಲ್ಲಿ ಅದನ್ನು ಬೆಳೆಸಿ ಒಂದು ಪ್ರಬಂಧ ಬರೆದರು. ಇಂದು ಇಂಥ ವಸ್ತುಗಳಿಗೆ ಅವರದೇ ಹೆಸರು: ಮಾಟ್ ಅವಾಹಕ.

ಮಾಟ್ ಹೇಳಿದ್ದೇನು? ಮತ್ತೆ ಕ್ಲಾಸಿಗೆ ಬನ್ನಿ. ಡೆಸ್ಕಿಗೆ ಒಬ್ಬೊಬ್ಬರು. ಪ್ರತಿ ಡೆಸ್ಕಿನಲ್ಲೂ ಇನ್ನೊಬ್ಬರಿಗೆ ಜಾಗವಿದೆ. ಆದರೆ ಇಡೀ ಕ್ಲಾಸಿನ ಮಕ್ಕಳು ಒಬ್ಬರಿಗೊಬ್ಬರು ಟೂ ಬಿಟ್ಟಿದ್ದಾರೆ! ಯಾರೂ ಯಾರ ಪಕ್ಕದಲ್ಲೂ ಕೂರಲು ತಯಾರಿಲ್ಲ. ಎದ್ದು ಹೋಗಬೇಕೆಂದರೆ ಇನ್ನೊಬ್ಬರಿರುವ ಡೆಸ್ಕಿಗೇ ಹೋಗಬೇಕು, ಏಕೆಂದರೆ ಪೂರ್ತಿ ಖಾಲಿ ಡೆಸ್ಕು ಒಂದೂ ಇಲ್ಲ. ಹಾಗಾಗಿ ಅರ್ಧ ಕ್ಲಾಸು ಖಾಲಿ ಬಿದ್ದಿದ್ದರೂ ಎಲ್ಲರೂ ಕೂತಲ್ಲೇ ಕೂತಿದ್ದಾರೆ. ವಿದ್ಯುತ್ತು ಹರಿಯುವುದಿಲ್ಲ.

(ಹೈಸ್ಕೂಲಿನವರಿಗೆ ಒಂದು ಮಾತು. ನಿಕ್ಕಲ್ ಆಕ್ಸೈಡಿನಲ್ಲಿ ಒಂದೊಂದು ನಿಕ್ಕಲ್ಲಿನ ಹೊರ ಭಾಗದಲ್ಲಿ 10 ಜಾಗವಿದ್ದು 8 ಎಲೆಕ್ಟ್ರಾನುಗಳಿರುತ್ತವೆ. ನಾನು ಅದನ್ನು ಒಂದು ಡೆಸ್ಕು, ಎರಡು ಜಾಗ ಎಂದು ಸುಲಭ ಮಾಡಿದ್ದೇನೆ. ನೀತಿ ಅದೇ.)

ಹಾಗಾದರೆ ನಿಕ್ಕಲ್ ನಾಣ್ಯದಲ್ಲಿ ಈ ಜಗಳವಿಲ್ಲವೇ? ಇದೆ, ಆದರೆ ಅಲ್ಲಿ ನಿಕ್ಕಲ್ಲಿನ ಪಕ್ಕ ನಿಕ್ಕಲ್ಲೇ ನಿಂತಿದೆ. ಒಂದರಿಂದ ಒಂದಕ್ಕೆ ಹಾರುವುದು ಸಲೀಸು, ಜೊತೆಗೆ ದೂರ ದೂರ ಹರಡಿಕೊಂಡ ಬೇರೆ ಎಲೆಕ್ಟ್ರಾನುಗಳೂ ಇವೆ. ಆಕ್ಸೈಡಿನಲ್ಲಿ ಎರಡು ನಿಕ್ಕಲ್ಲುಗಳ ನಡುವೆ ಆಮ್ಲಜನಕ ಬಂದು ನಿಲ್ಲುತ್ತದೆ. ಹಾರುವುದು ಕಷ್ಟವಾಗುತ್ತದೆ. ನಿಕ್ಕಲ್ಲಿನ ಡೆಸ್ಕುಗಳೋ ಇಕ್ಕಟ್ಟಿನವು, ಒಂದರಲ್ಲಿ ಇನ್ನೊಬ್ಬರು ಬಂದು ಕೂತರೆ ಮೈಗೆ ಮೈ ತಾಗಿ ಜಗಳ ಜೋರು. ಗುಮಾಸ್ತನ ಭಾಷೆಯಲ್ಲಿ ಹೇಳುತ್ತೇನೆ. ಪಕ್ಕದ ಡೆಸ್ಕಿಗೆ ಹಾರಿದರೆ ಒಂದು ರೂಪಾಯಿ ಲಾಭ, ಇನ್ನೊಬ್ಬರ ಜೊತೆ ಕೂತರೆ ಎಂಟು ರೂಪಾಯಿ ದಂಡ ಎಂದುಕೊಳ್ಳಿ. ಯಾರು ಹಾರುತ್ತಾರೆ? 1963ರಲ್ಲಿ ಇಂಗ್ಲೆಂಡಿನ ಜಾನ್ ಹಬ್ಬರ್ಡ್ ಇಡೀ ವಿಷಯವನ್ನು ಹೀಗೆ ಎರಡೇ ಸಂಖ್ಯೆಗೆ ಇಳಿಸಿದರು: ಹಾರಾಟದ ಲಾಭ, ಜೊತೆ ಕೂರುವ ದಂಡ. ಲಾಭ ದೊಡ್ಡದಾದರೆ ಲೋಹ, ದಂಡ ದೊಡ್ಡದಾದರೆ ಮಾಟ್ ಅವಾಹಕ.

ಕೂತಲ್ಲೇ ಕೂತವರು ಸುಮ್ಮನೆ ಕೂರುವುದೂ ಇಲ್ಲ. ಪಕ್ಕದ ಡೆಸ್ಕಿಗೆ ಒಂದು ಕ್ಷಣ ಇಣುಕಿ ವಾಪಸು ಬರುತ್ತಾರೆ. ಇಣುಕಬೇಕಾದರೆ ಅಲ್ಲಿರುವವರ ಮುಖ ತಮ್ಮ ಮುಖಕ್ಕೆ ವಿರುದ್ಧವಾಗಿರಬೇಕು, ಪೌಲಿಯ ನಿಯಮ ನೆನಪಿದೆಯಲ್ಲ. ಆದ್ದರಿಂದ ಒಂದು ಮೇಲ್ಮುಖ, ಪಕ್ಕದ್ದು ಕೆಳಮುಖ, ಅದರ ಪಕ್ಕದ್ದು ಮತ್ತೆ ಮೇಲ್ಮುಖ, ಹೀಗೆ ಒಂದಕ್ಕೊಂದು ಎದುರಾಗಿ ಸಾಲುಗಟ್ಟುತ್ತವೆ. ಪ್ರತಿ ಎಲೆಕ್ಟ್ರಾನೂ ಒಂದು ಪುಟಾಣಿ ಅಯಸ್ಕಾಂತ. ಎದುರು ಬದುರಾಗಿ ನಿಂತದ್ದರಿಂದ ಜಮಾ ಖರ್ಚು ಸಮನಾಗಿ ಉಳಿಕೆ ಸೊನ್ನೆ. ಅದಕ್ಕೇ ನಿಕ್ಕಲ್ ನಾಣ್ಯ ಅಯಸ್ಕಾಂತಕ್ಕೆ ಅಂಟುತ್ತದೆ, ಹಸಿರು ಪುಡಿ ಅಂಟುವುದಿಲ್ಲ. ಸುಮಾರು 250 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರೆ ಮಾತ್ರ ಈ ಸಾಲು ಕದಡುತ್ತದೆ.

ಈಗ ಆ ಕ್ಲಾಸಿನಲ್ಲಿ ಒಬ್ಬ ಹುಡುಗ ರಜಾ ಹಾಕಿದ ಎನ್ನಿ. ಒಂದು ಡೆಸ್ಕು ಪೂರ್ತಿ ಖಾಲಿ! ಪಕ್ಕದವನು ಅಲ್ಲಿಗೆ ಹಾರುತ್ತಾನೆ, ಜೊತೆಗಾರನಿಲ್ಲ, ದಂಡವಿಲ್ಲ. ಅವನು ಬಿಟ್ಟ ಡೆಸ್ಕಿಗೆ ಇನ್ನೊಬ್ಬ. ಖಾಲಿ ಡೆಸ್ಕು ಕ್ಲಾಸಿನ ತುಂಬ ತಿರುಗುತ್ತದೆ. ಹದಿನಾರು ಮನೆಗಳಲ್ಲಿ ಹದಿನೈದು ಬಿಲ್ಲೆಗಳಿರುವ ಆಟಿಕೆ ಇದೆಯಲ್ಲ, ಅಂಕಿಗಳನ್ನು ಸರಿಸಿ ಸರಿಸಿ ಕ್ರಮವಾಗಿ ಜೋಡಿಸುವುದು, ಥೇಟ್ ಅದೇ. ಆ ಒಂದು ಖಾಲಿ ಮನೆ ಇಲ್ಲದಿದ್ದರೆ ಆಟವೇ ಇಲ್ಲ. ನಿಕ್ಕಲ್ ಆಕ್ಸೈಡಿಗೆ ಒಂದಿಷ್ಟು ಲಿಥಿಯಂ ಸೇರಿಸಿದರೆ ಹೀಗೇ ಅಲ್ಲಲ್ಲಿ ಎಲೆಕ್ಟ್ರಾನು ಕಡಿಮೆಯಾಗುತ್ತದೆ. ಹಸಿರು ಪುಡಿ ಕಪ್ಪಾಗುತ್ತದೆ, ವಿದ್ಯುತ್ತು ಹರಿಯತೊಡಗುತ್ತದೆ. ಇದನ್ನು ಕ್ರಮವಾಗಿ ಮಾಡಿ ತೋರಿಸಿದವರಲ್ಲಿ ಅದೇ ವೆರ್ವೇ ಒಬ್ಬರು.

ಜಗಳವನ್ನು ಬೇರೆ ರೀತಿಯಲ್ಲೂ ಬಿಡಿಸಬಹುದು. ವನೇಡಿಯಂ ಡೈಆಕ್ಸೈಡ್ ಎಂಬ ವಸ್ತು 68 ಡಿಗ್ರಿಗಿಂತ ತಣ್ಣಗಿದ್ದಾಗ ಅವಾಹಕ, ಅದನ್ನು ದಾಟಿದ ಕೂಡಲೇ ಲೋಹದಂತೆ. 1959ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಮೋರಿನ್ ಇದನ್ನು ತೋರಿಸಿದರು. ಒಲೆ ಬೇಡ, ಈಗಷ್ಟೇ ಇಳಿಸಿದ ಕಾಫಿಯ ಬಿಸಿ ಸಾಕು. ಇಲ್ಲಿ ಪರಮಾಣುಗಳೂ ಜೋಡಿ ಜೋಡಿಯಾಗಿ ಸರಿಯುವುದರಿಂದ ಎಷ್ಟು ಪಾಲು ಎಲೆಕ್ಟ್ರಾನುಗಳ ಜಗಳ, ಎಷ್ಟು ಪಾಲು ಈ ಸರಿದಾಟ ಎಂಬ ವಾದ ಇನ್ನೂ ನಡೆದಿದೆ. ಬಿಸಿಲೇರಿದಾಗ ಬೆಳಕು ಬಿಟ್ಟು ಶಾಖ ತಡೆಯುವ ಕಿಟಕಿಗಾಜಿಗೆ ಇದನ್ನು ಬಳಿಯುವ ಪ್ರಯತ್ನಗಳಿವೆ. ಚೂರು ಟಂಗ್‌ಸ್ಟನ್ ಬೆರೆಸಿದರೆ 68 ಡಿಗ್ರಿಯನ್ನು ನಮ್ಮ ಬೇಸಿಗೆಯ ಬಿಸಿಲಿನ ಮಟ್ಟಕ್ಕೆ ಇಳಿಸಬಹುದು.

1977ರಲ್ಲಿ ಮಾಟ್ ಅವರಿಗೆ ನೊಬೆಲ್ ಬಂತು, ಅಮೆರಿಕದ ಫಿಲಿಪ್ ಆಂಡರ್ಸನ್ ಮತ್ತು ವಾನ್ ವ್ಲೆಕ್ ಜೊತೆಗೆ. ಇಲ್ಲಿಗೆ ಕಥೆ ಮುಗಿಯಿತು ಎಂದು ಬಹಳ ಜನ ಅಂದುಕೊಂಡಿರಬೇಕು. ನಿಜವಾದ ಗದ್ದಲ ಇನ್ನೂ ಶುರುವಾಗಿರಲಿಲ್ಲ.

ಅತಿವಾಹಕ ಎಂಬ ಮಾತು ಕೇಳಿದ್ದೀರಾ? ಒಂದಿಷ್ಟೂ ಅಡ್ಡಿಯಿಲ್ಲದೆ ವಿದ್ಯುತ್ ಹರಿಯುವ ವಸ್ತು. ಸ್ವಲ್ಪವೂ ಬಿಸಿಯಾಗದು, ಸ್ವಲ್ಪವೂ ಪೋಲಾಗದು. 1911ರಲ್ಲೇ ಪಾದರಸದಲ್ಲಿ ಕಂಡಿದ್ದರು, ಆದರೆ ಅದನ್ನು ಮೈನಸ್ 269 ಡಿಗ್ರಿಯ ಹತ್ತಿರ ತಣ್ಣಗೆ ಮಾಡಬೇಕು. ನಿಮ್ಮ ಅಜ್ಜ ಅಜ್ಜಿಯರಲ್ಲಿ ಕೆಲವರು ಎಂ.ಆರ್.ಐ. ಸ್ಕ್ಯಾನ್ ಯಂತ್ರದ ಕೊಳವೆಯೊಳಗೆ ಮಲಗಿ ಬಂದಿರುತ್ತಾರೆ. ಅದರ ದೊಡ್ಡ ಅಯಸ್ಕಾಂತ ಇಂಥ ಅತಿವಾಹಕ ತಂತಿಯದು, ಸುತ್ತ ದ್ರವ ಹೀಲಿಯಂ ತುಂಬಿರುತ್ತಾರೆ. ಹೀಲಿಯಂ ದುಬಾರಿ, ನಮ್ಮ ದೇಶ ಅದನ್ನು ಹೊರಗಿನಿಂದ ತರಿಸುತ್ತದೆ. ಸ್ಕ್ಯಾನಿನ ಬಿಲ್ಲು ನೋಡಿ ನಿಟ್ಟುಸಿರು ಬಿಡುವಾಗ ಇದೂ ಒಂದು ಬಾಬ್ತು ಎಂದು ತಿಳಿಯಿರಿ.

1986ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಹತ್ತಿರದ ಐ.ಬಿ.ಎಂ. ಪ್ರಯೋಗಾಲಯದಲ್ಲಿ ಬೆಡ್ನೋರ್ಜ್ ಮತ್ತು ಮುಲ್ಲರ್ ಯಾರೂ ನಿರೀಕ್ಷಿಸದ ಕಡೆ ಹುಡುಕಿದರು. ಲೋಹದಲ್ಲಲ್ಲ, ಲ್ಯಾಂಥನಮ್ ಮತ್ತು ತಾಮ್ರದ ಆಕ್ಸೈಡಿನಲ್ಲಿ. ಆ ಆಕ್ಸೈಡು ಶುದ್ಧವಾಗಿದ್ದರೆ ಮಾಟ್ ಅವಾಹಕ, ನಮ್ಮ ಹಸಿರು ಪುಡಿಯ ದಾಯಾದಿ! ಅದಕ್ಕೆ ಬೇರಿಯಂ ಬೆರೆಸಿ ಅಲ್ಲಲ್ಲಿ ಡೆಸ್ಕು ಖಾಲಿ ಮಾಡಿದಾಗ, ಅದುವರೆಗಿನ ಎಲ್ಲ ದಾಖಲೆಗಿಂತ ಹೆಚ್ಚಿನ ತಾಪದಲ್ಲಿ ಅದು ಅತಿವಾಹಕವಾಯಿತು. ಮರುವರ್ಷವೇ ಇಬ್ಬರಿಗೂ ನೊಬೆಲ್. ಅದೇ 1987ರಲ್ಲಿ ಇಂಥದೇ ಇನ್ನೊಂದು ತಾಮ್ರದ ಆಕ್ಸೈಡು ಸುಮಾರು ಮೈನಸ್ 180 ಡಿಗ್ರಿಯಲ್ಲೇ ಅತಿವಾಹಕವಾಗುವುದು ಗೊತ್ತಾಯಿತು. ಅಷ್ಟಕ್ಕೆ ಹೀಲಿಯಂ ಬೇಡ, ಮೈನಸ್ 196ರ ದ್ರವ ಸಾರಜನಕ ಸಾಕು. ಸಾರಜನಕ ಗಾಳಿಯಲ್ಲೇ ಇದೆ, ಅಗ್ಗ.

ಜಗಳವಾಡಿ ಕೂತಲ್ಲೇ ಕೂತಿದ್ದವರು, ನಾಲ್ಕು ಡೆಸ್ಕು ಖಾಲಿಯಾದ ಕೂಡಲೇ ಜೋಡಿ ಜೋಡಿಯಾಗಿ ಕೈಹಿಡಿದು ಅಡೆತಡೆಯಿಲ್ಲದೆ ಸಾಗತೊಡಗಿದ್ದು ಹೇಗೆ? 1987ರ ಜನವರಿಯಲ್ಲಿ ಈ ಪ್ರಶ್ನೆ ನಮ್ಮ ಬೆಂಗಳೂರಿಗೇ ಬಂತು. ಎಲೆಕ್ಟ್ರಾನುಗಳ ಇಂಥ ವರ್ತನೆಯ ಬಗ್ಗೆ ಅಲ್ಲೊಂದು ಅಂತಾರಾಷ್ಟ್ರೀಯ ಸಮ್ಮೇಳನವಿತ್ತು. ಅದಕ್ಕೆ ಬಂದಿದ್ದ ಫಿಲಿಪ್ ಆಂಡರ್ಸನ್, ಎದುರು ಬದುರಾದ ಎಲೆಕ್ಟ್ರಾನುಗಳು ಅವಾಹಕವಾಗಿದ್ದಾಗಲೇ ಒಳಗೊಳಗೆ ಜೋಡಿ ಕಟ್ಟಿಕೊಂಡಿರುತ್ತವೆ, ಖಾಲಿ ಜಾಗ ಸಿಕ್ಕಾಗ ಆ ಜೋಡಿಗಳೇ ಹೊರಡುತ್ತವೆ ಎಂಬ ತಮ್ಮ ಹೊಸ ವಿಚಾರವನ್ನು ಅಲ್ಲಿ ಮಂಡಿಸಿದರು. ನಮ್ಮ ದೇಶದ ಜಿ. ಬಾಸ್ಕರನ್ ಮುಂದೆ ಅವರ ಜೊತೆ ಸೇರಿ ಇದನ್ನು ಬೆಳೆಸಿದರು. ಬೆಂಗಳೂರಿನವರೇ ಆದ ಸಿ.ಎನ್.ಆರ್. ರಾವ್ ಅವರಂತೂ ದಶಕಗಳ ಕಾಲ ಇಂಥ ಆಕ್ಸೈಡುಗಳನ್ನೇ ಕಾಯಿಸಿ, ಬೆರೆಸಿ, ಅಳೆದು ನೋಡಿದವರು. ಲ್ಯಾಂಥನಮ್-ತಾಮ್ರದ ಆ ಆಕ್ಸೈಡನ್ನು ಅವರ ತಂಡ 1986ಕ್ಕೂ ಮೊದಲೇ ಕೈಯಲ್ಲಿ ಹಿಡಿದಿತ್ತು.

ಆಂಡರ್ಸನ್ ಹೇಳಿದ್ದನ್ನು ಒಪ್ಪುವವರಿದ್ದಾರೆ, ಒಪ್ಪದವರಿದ್ದಾರೆ. ಎಲ್ಲರೂ ರುಜು ಹಾಕಿದ ಉತ್ತರ ಮಾತ್ರ ಇಂದಿಗೂ ಇಲ್ಲ. ವಸ್ತುವಿನ ಬಳಕೆ ಅದಕ್ಕಾಗಿ ಕಾದಿಲ್ಲ ಅನ್ನಿ. ಜರ್ಮನಿಯ ಎಸ್ಸೆನ್ ಪಟ್ಟಣದಲ್ಲಿ 2014ರಲ್ಲಿ ಒಂದು ಕಿಲೋಮೀಟರ್ ಉದ್ದದ ಅತಿವಾಹಕ ಕೇಬಲ್ಲಿನಲ್ಲಿ ಊರಿನ ವಿದ್ಯುತ್ ಹರಿಸಿದರು. ಆದರೆ ಈ ಆಕ್ಸೈಡುಗಳು ಪಿಂಗಾಣಿಯ ಜಾತಿಯವು, ಬಾಗಿಸಿದರೆ ಮುರಿಯುತ್ತವೆ, ತಂತಿ ಮಾಡುವುದು ಕಷ್ಟ, ಖರ್ಚೂ ಹೆಚ್ಚು. ಏಕೆ ಹೀಗಾಗುತ್ತದೆ ಎಂಬುದು ಗೊತ್ತಾದರೆ ಇನ್ನೂ ಒಳ್ಳೆಯ ವಸ್ತುವನ್ನು ಹುಡುಕಲು ದಾರಿಯಾಗುತ್ತದೆ. ಈಗ ನಡೆದಿರುವುದು ಹೆಚ್ಚಾಗಿ ಬೆರೆಸಿ ನೋಡುವ ಕೆಲಸ.

ಹಬ್ಬರ್ಡರ ಎರಡೇ ಸಂಖ್ಯೆಯ ಲೆಕ್ಕ ಇದೆಯಲ್ಲ, ಬಿಡಿಸಿಬಿಡಬಾರದೇ ಎನ್ನುತ್ತೀರಾ? ಪೆನ್ಸಿಲ್ ತೆಗೆದುಕೊಳ್ಳಿ. ಒಂದು ಡೆಸ್ಕಿಗೆ ನಾಲ್ಕು ಸಾಧ್ಯತೆ: ಖಾಲಿ, ಒಂದು ಮೇಲ್ಮುಖ, ಒಂದು ಕೆಳಮುಖ, ಎರಡೂ. ಎರಡು ಡೆಸ್ಕಿಗೆ ನಾಲ್ಕು ನಾಲ್ಕಲೆ 16. ಹತ್ತು ಡೆಸ್ಕಿಗೆ 10,48,576. ಇಪ್ಪತ್ತು ಡೆಸ್ಕಿಗೆ 1,09,951 ಕೋಟಿಗೂ ಹೆಚ್ಚು. ಚದುರಂಗದ ಮಣೆಯಷ್ಟು, ಅಂದರೆ 64 ಡೆಸ್ಕಾದರೆ, 39 ಅಂಕಿಗಳ ಸಂಖ್ಯೆ. ಎಲೆಕ್ಟ್ರಾನುಗಳ ಲೋಕದಲ್ಲಿ ಈ ಸಾಧ್ಯತೆಗಳೆಲ್ಲ ಒಟ್ಟಿಗೇ ಬೆರೆತಿರುತ್ತವೆ, ಒಂದನ್ನೂ ಕೈಬಿಡುವಂತಿಲ್ಲ. ಡೆಸ್ಕುಗಳು ಒಂದೇ ಉದ್ದ ಸಾಲಿನಲ್ಲಿದ್ದರೆ ಹೇಗೆ ಬಿಡಿಸಬೇಕೆಂದು ಲೀಬ್ ಮತ್ತು ವು 1968ರಲ್ಲಿ ತೋರಿಸಿದರು. ಸಾಲಿನ ಹಿಂದೆ ಸಾಲು ಹಾಕಿ ನಿಜವಾದ ಕ್ಲಾಸು ಮಾಡಿದರೆ, ಪೂರ್ತಿಯಾಗಿ ಬಿಡಿಸಿದವರು ಇನ್ನೂ ಯಾರೂ ಇಲ್ಲ. ಉಪ್ಪಿನ ಒಂದು ಕಣದಲ್ಲಿ ಡೆಸ್ಕುಗಳು ಎಷ್ಟಿರುತ್ತವೆ ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ, ಸಂಪಾದಕರು ಸೊನ್ನೆಗಳಿಗೆ ಜಾಗ ಕೊಡಲಾರರು.

ನಿಮಗೆ ಈ ವಾರದ ಲೆಕ್ಕ: ಎರಡು ಡೆಸ್ಕು, ಎರಡೇ ಎಲೆಕ್ಟ್ರಾನು. ಯಾವ ಮುಖವಾದರೂ ಆಗಬಹುದು, ಆದರೆ ಒಂದೇ ಡೆಸ್ಕಿನಲ್ಲಿ ಕೂತರೆ ಪೌಲಿಯ ನಿಯಮ ಮೀರಬಾರದು. ಎಲೆಕ್ಟ್ರಾನುಗಳಿಗೆ ಹೆಸರಿಲ್ಲ, ಇದು ಆ ಎಲೆಕ್ಟ್ರಾನು, ಅದು ಈ ಎಲೆಕ್ಟ್ರಾನು ಎಂದು ಗುರುತಿಸಲಾಗದು ಎಂಬುದನ್ನು ಮರೆಯಬೇಡಿ. ಒಟ್ಟು ಎಷ್ಟು ರೀತಿಯಲ್ಲಿ ಕೂರಿಸಬಹುದು? ಅವುಗಳಲ್ಲಿ ದಂಡ ಬೀಳುವುದು ಎಷ್ಟಕ್ಕೆ? ಅಜ್ಜಂದಿರು ಮೊದಲೇ ಉತ್ತರ ಹೇಳಿಕೊಡಕೂಡದು. ಕಾರ್ಡಿನಲ್ಲಿ ಬರೆದು ಕಳಿಸಿ, ಉತ್ತರ ಮುಂದಿನ ವಾರ.